ಒಂದೇ ಕುರ್ಚಿಯ ಸಂಗೀತ

ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿಕೊಂಡು ಸಂಗೀತದ ಹುಚ್ಚು ಹಚ್ಚಿಕೊಳ್ಳುವುದೆಂದರೆ ಸಂತೆಯ ನಡುವೆ ಧ್ಯಾನಕ್ಕೆ ಕುಳಿತಂತೆ. ನಮ್ಮ ಬೀದಿಯಲ್ಲಿ ಮನೆ ಬಿಟ್ಟು ಮನೆಗೆ ವಿದ್ಯುತ್ ಮಗ್ಗ. ಬೆಳಗಿನಿಂದ ರಾತ್ರಿಯವರೆಗೆ ಲಾಳಿಗೆ ಬಿಡುವಿಲ್ಲ. ಇಂಥ ಬೀದಿಗೆ ಕಳೆದ ವರ್ಷ ನಾನು ಮೂರು ತಿಂಗಳ ಸಂಬಳ ತೆತ್ತು ಒಂದು ಜೊತೆ ಉತ್ತಮ ಸ್ಪೀಕರುಗಳನ್ನು ತಂದೆ.

ಬೆಲೆ ತೆತ್ತರೆ ಅರ್ಧ ಕೆಲಸವಷ್ಟೇ ಆಗುತ್ತದೆಂಬುದು ತಂದ ಮೇಲೆ ತಿಳಿಯಿತು. ಮೂಲೆಗೆ ಒತ್ತಿಟ್ಟರೆ ಮಂದ್ರಸ್ವರಗಳು ಉಬ್ಬಿ ಗುಡುಗುತ್ತವೆ. ಗೋಡೆ ಬೋಳಾಗಿದ್ದರೆ ದನಿ ಪುಟಿದು ಕಲಸಿಹೋಗುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆ ಎಳೆದೆ. ನೆಲಕ್ಕೆ ಜಮಖಾನ, ಗೋಡೆಗೆ ಪುಸ್ತಕದ ಬೀರು, ಕಿಟಕಿಗೆ ದಪ್ಪ ಪರದೆ ಬಂದವು. ಎರಡು ಸ್ಪೀಕರು, ಕೇಳುವವನ ತಲೆ, ಈ ಮೂರೂ ಸಮಬಾಹು ತ್ರಿಕೋನದ ಮೂರು ತುದಿಗಳಲ್ಲಿರಬೇಕು. ಹಾಗೆ ಕುಳಿತಾಗ ಮಲ್ಲಿಕಾರ್ಜುನ ಮನಸೂರರು ಎದುರಿನ ಬರಿಯ ಜಾಗದಲ್ಲೇ ಕುಳಿತು ಹಾಡಿದಂತೆ ಭ್ರಮೆಯಾಗುತ್ತದೆ. ಆದರೆ ಆ ಭ್ರಮೆ ಒಂದೇ ಕುರ್ಚಿಗೆ ಮೀಸಲು. ಒಂದು ಮೊಳ ಪಕ್ಕಕ್ಕೆ ಸರಿದಿರೋ, ಗಾಯಕರೂ ಹತ್ತಿರದ ಪೆಟ್ಟಿಗೆಯ ಕಡೆಗೆ ಸರಿದುಬಿಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಪಕ್ಕದ ಮನೆಯ ಮಗ್ಗಕ್ಕೆ ನನ್ನ ಪರದೆ ಯಾವ ಲೆಕ್ಕ? ಕರೆಂಟು ಹೋದಾಗ ಬೀದಿಯೆಲ್ಲ ನಿಶ್ಶಬ್ದ. ಆದರೆ ಆಗ ನನ್ನ ಯಂತ್ರವೂ ಮೂಕ! ಸಿಟ್ಟಿನಿಂದ ಕಾನೂನು ತೆಗೆದು ನೋಡಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ನ್ಯಾಯ ನನ್ನ ಕಡೆಗಿತ್ತು.

ದೂರು ಬರೆಯುವ ಮುನ್ನ ಒಂದು ಮಾತು ಹೇಳೋಣವೆಂದು, ಮಗ್ಗಕ್ಕೆ ರಜವಿದ್ದ ದಿನ ಪಕ್ಕದ ಮನೆಯ ಯಜಮಾನರನ್ನು ಕರೆದು ಅದೇ ಕುರ್ಚಿಯಲ್ಲಿ ಕೂರಿಸಿದೆ. ತಂಬೂರಿಯ ಝೇಂಕಾರ ಕೋಣೆಯನ್ನು ತುಂಬಿತು. ಅವರು ಕೊಂಚ ಹೊತ್ತು ಕೇಳಿ, “ಹಾಡೋದು ಕೇಳಿಸುತ್ತೆ ಮೇಷ್ಟ್ರೇ. ತಂಬೂರಿ ಅಂದಿರಲ್ಲ, ಅದು ಯಾವಾಗ ಶುರುವಾಗುತ್ತೆ?” ಎಂದರು.

ಮೂವತ್ತು ವರ್ಷ ಮಗ್ಗದ ಮುಂದೆ ನಿಂತ ಕಿವಿ ಅದು. ಅತಿಯಾದ ಸದ್ದು ಮೊದಲು ಕದಿಯುವುದು ಎತ್ತರದ ಸ್ವರಗಳನ್ನು; ತಂಬೂರಿಯ ಹೊಳಪೆಲ್ಲ ಇರುವುದು ಅಲ್ಲಿಯೇ. ನನ್ನ ಸಂಜೆಯನ್ನು ಕೆಡಿಸಿತೆಂದು ನಾನು ದೂರುತ್ತಿದ್ದ ಸದ್ದು ಅವರ ಕಿವಿಯನ್ನೇ ತಿಂದಿತ್ತು. ಆ ಸದ್ದಿನಲ್ಲಿ ಹುಟ್ಟಿದ ಸೀರೆಗಳು ನನ್ನ ಮನೆಯ ಪೆಟ್ಟಿಗೆಯಲ್ಲಿಯೂ ಇವೆ.

ಹಾಗಾದರೆ ಒಳ್ಳೆಯ ನಾದವನ್ನು ಬಯಸುವುದು ತಪ್ಪೆ? ತಪ್ಪೆನ್ನಲಾರೆ. ನಾನು ಯಂತ್ರ ಮಾರಿದರೆ ಅವರ ಕಿವಿ ಮರಳುವುದಿಲ್ಲ. ನಿಶ್ಶಬ್ದವನ್ನು ಬಯಸುವುದೂ ತಪ್ಪಲ್ಲ. ಆದರೆ ಅದನ್ನು ಹಕ್ಕೆಂದು ಕೇಳುವವನು, ಎದುರಿನ ಗದ್ದಲದಲ್ಲಿ ತನ್ನ ಪಾಲೆಷ್ಟೆಂದು ಮೊದಲು ಲೆಕ್ಕ ಹಾಕಬೇಡವೆ? ಕಾನೂನು ಡೆಸಿಬಲ್ಲುಗಳನ್ನು ಎಣಿಸೀತು. ಈ ಪಾಲನ್ನು ನಾವೇ ಎಣಿಸಿಕೊಳ್ಳಬೇಕು. ನಾನು ದೂರು ಬರೆಯಲಿಲ್ಲ.

ಮರುದಿನ ಕಿವಿಗಿಟ್ಟುಕೊಳ್ಳುವ ಬಿರಡೆಗಳನ್ನು ತಂದುಕೊಟ್ಟೆ. ಅವರು ನಕ್ಕರು: “ನಾಲ್ಕು ಮಗ್ಗದಲ್ಲಿ ಯಾವುದು ತಪ್ಪಿತು ಅಂತ ಕಿವಿಯೇ ಹೇಳಬೇಕು ಮೇಷ್ಟ್ರೇ. ಇದಿಟ್ಟುಕೊಂಡರೆ ಹ್ಯಾಗೆ?” ನನಗೆ ಬರಿಯ ಗದ್ದಲವಾದದ್ದರಲ್ಲಿ ಅವರು ನಾಲ್ಕು ಲಯಗಳನ್ನು ಬೇರೆ ಬೇರೆಯಾಗಿ ಕೇಳುತ್ತಿದ್ದರು! “ಸದ್ದು ತಗ್ಗಿದರೂ ಲಯ ಉಳಿಯುತ್ತದೆ, ಒಂದು ವಾರ ನೋಡಿ” ಎಂದೆ. ಜೇಬಿಗೆ ಹಾಕಿಕೊಂಡರು.

ಈಗಲೂ ರಜದ ದಿನ ಬರುತ್ತಾರೆ. ಕುರ್ಚಿ ಅವರದು, ನಾನು ಪಕ್ಕದ ಜಮಖಾನದ ಮೇಲೆ. ಅಲ್ಲಿಗೆ ಮನಸೂರರು ಎಡಗಡೆಯ ಪೆಟ್ಟಿಗೆಯೊಳಗಿಂದ ಹಾಡಿದಂತೆ ಕೇಳುತ್ತದೆ. ಪರವಾಗಿಲ್ಲ.