ಮಡಕೆ ಮತ್ತು ಕುಂಬಾರ

ಮಡಕೆ ಇದ್ದಮೇಲೆ ಕುಂಬಾರ ಇರಲೇಬೇಕು. ಇಷ್ಟು ಅಚ್ಚುಕಟ್ಟಾದ ಲೋಕಕ್ಕೂ ಒಬ್ಬ ಕರ್ತೃ ಇರಬೇಕು. ನಮ್ಮ ನ್ಯಾಯದರ್ಶನದ ಪಂಡಿತರು, ಅವರಲ್ಲಿ ಮುಖ್ಯವಾಗಿ ಉದಯನ, ಸುಮಾರು ಸಾವಿರ ವರ್ಷಗಳ ಹಿಂದೆಯೇ ಹೂಡಿದ ವಾದವಿದು. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಮಡಕೆಯ ಜಾಗದಲ್ಲಿ ಗಡಿಯಾರ ಇಟ್ಟ. ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಇಲಿಬೋನು ಇಟ್ಟರು. ಬೋನಿನ ಒಂದು ಭಾಗ ಕಳಚಿದರೂ ಅದು ಇಲಿ ಹಿಡಿಯದು. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲವೂ ಅಂಥದೇ ಯಂತ್ರ, ಅದು ಮೆಲ್ಲಮೆಲ್ಲಗೆ ವಿಕಾಸವಾಗಿ ಬಂದಿರಲಾರದು ಎಂದರು. ಯಾವುದೋ ಬುದ್ಧಿಶಕ್ತಿ ಯೋಚಿಸಿ ಜೋಡಿಸಿದೆ ಎನ್ನುವ ಈ ವಾದದ ಹೆಸರು ‘ಇಂಟೆಲಿಜೆಂಟ್ ಡಿಸೈನ್’.

ಇದು ನಕ್ಕು ತಳ್ಳಿಹಾಕುವ ಮಾತಲ್ಲ. ಹಸುಗೂಸಿನ ಬೆರಳನ್ನು ಹಿಡಿದು ನೋಡಿದವರಿಗೆಲ್ಲ ಈ ಭಾವ ಬಂದೇ ಬರುತ್ತದೆ, ನನಗೂ ಬರುತ್ತದೆ. ಆದರೆ ಅದನ್ನು ವಿಜ್ಞಾನವೆಂದು ಮಕ್ಕಳಿಗೆ ಹೇಳಿಕೊಡಬಹುದೇ?

ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನಲ್ಲಿ ಈ ಪ್ರಶ್ನೆ ಕೋರ್ಟು ಹತ್ತಿತು. 2004ರಲ್ಲಿ ಅಲ್ಲಿನ ಶಾಲಾ ಮಂಡಳಿ, ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಹೇಳಿಕೆ ಓದಿಹೇಳಬೇಕೆಂದು ವಿಧಿಸಿತು: ಡಾರ್ವಿನ್ನನ ಸಿದ್ಧಾಂತದಲ್ಲಿ ಕೊರತೆಗಳಿವೆ, ಇಂಟೆಲಿಜೆಂಟ್ ಡಿಸೈನ್ ಎಂಬ ಇನ್ನೊಂದು ವಿವರಣೆಯೂ ಉಂಟು. 11 ಮಂದಿ ಪೋಷಕರು ಮೊಕದ್ದಮೆ ಹೂಡಿದರು. ಮಂಡಳಿಯ ಪರ ಬೀಹಿ, ಪೋಷಕರ ಪರ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಸಾಕ್ಷಿ ನುಡಿದರು. ಇಬ್ಬರೂ ಕ್ಯಾಥೊಲಿಕ್ ಶ್ರದ್ಧೆಯವರು. ಆಸ್ತಿಕ–ನಾಸ್ತಿಕರ ಜಗಳ ಅದಾಗಿರಲಿಲ್ಲ.

ಮಿಲ್ಲರ್ ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಊರಿ ನಿಂತಿದೆ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 48. ನಮಗೂ ಅವಕ್ಕೂ ಮೂಲಪುರುಷ ಒಬ್ಬನೇ ಆಗಿದ್ದರೆ ಒಂದು ಜೊತೆ ಎಲ್ಲಿ ಹೋಯಿತು? ಅಷ್ಟೂ ಜೀನುಗಳು ಕಳೆದುಹೋದರೆ ಜೀವ ಉಳಿಯದು. ಹಾಗಾದರೆ ಎರಡು ತಂತುಗಳು ಬೆಸೆದು ಒಂದಾಗಿರಬೇಕು. ಬೆಸೆದದ್ದು ನಿಜವಾದರೆ, ತುದಿಯಲ್ಲಷ್ಟೇ ಇರಬೇಕಾದ ಗುರುತು ನಮ್ಮ ಯಾವುದೋ ಒಂದು ವರ್ಣತಂತುವಿನ ನಡುವೆ ಸಿಗಬೇಕು. ಸಿಗದಿದ್ದರೆ ವಿಕಾಸವಾದಕ್ಕೇ ಸಂಕಟ. ಹುಡುಕಿದರು. ಎರಡನೇ ವರ್ಣತಂತುವಿನ ನಡುವೆ ಆ ಗುರುತು ಇತ್ತು, ಬೆಸುಗೆಯ ಗಾಯದ ಕಲೆಯಂತೆ.

ಹೀಗೆ ಕತ್ತು ಮುಂದೊಡ್ಡಿ ನಿಲ್ಲುವ ಮಾತನ್ನು ವಿಜ್ಞಾನ ಕೇಳುತ್ತದೆ. ‘ವಿನ್ಯಾಸಕ ಹಾಗೆ ಮಾಡಿದ’ ಎನ್ನುವ ಉತ್ತರ 46ಕ್ಕೂ ಹೊಂದುತ್ತದೆ, 48ಕ್ಕೂ ಹೊಂದುತ್ತದೆ, ಗುರುತು ಸಿಕ್ಕರೂ ಸರಿ, ಸಿಗದಿದ್ದರೂ ಸರಿ. ಸೋಲಲು ಸಾಧ್ಯವೇ ಇಲ್ಲದ್ದು ಗೆದ್ದಿತೆಂದು ಹೇಗೆ ಹೇಳುವುದು? ಇನ್ನು, ಒಂದು ಭಾಗ ಕಳಚಿದರೂ ಕೆಲಸಕ್ಕೆ ಬಾರದೆಂದ ಬೀಹಿಯವರ ಬ್ಯಾಕ್ಟೀರಿಯಾ ಬಾಲದ ಕೆಲವು ಭಾಗಗಳನ್ನೇ ಹೋಲುವ ಜೋಡಣೆ, ಬೇರೆ ಬ್ಯಾಕ್ಟೀರಿಯಾಗಳಲ್ಲಿ ವಿಷ ಚುಚ್ಚುವ ಸೂಜಿಯಾಗಿ ದುಡಿಯುತ್ತಿರುವುದನ್ನೂ ಕೋರ್ಟಿಗೆ ತೋರಿಸಲಾಯಿತು. ವಿಜ್ಞಾನಕ್ಕೆ ತಾವು ಕೊಡುವ ವ್ಯಾಖ್ಯೆಯಲ್ಲಿ ಜ್ಯೋತಿಷವೂ ಸೇರುತ್ತದೆಂದು ಪಾಟೀಸವಾಲಿನಲ್ಲಿ ಬೀಹಿ ಒಪ್ಪಿಕೊಂಡರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು. ಆ ವಾದ ನಿಜವೋ ಸುಳ್ಳೋ ಎಂಬುದನ್ನು ಕೋರ್ಟು ಹೇಳುವುದಿಲ್ಲ, ಅದು ವಿಜ್ಞಾನವಂತೂ ಅಲ್ಲ ಎಂದರು.

ಇದರಿಂದ ದೇವರಿಗೆ ಅವಮಾನವಾಯಿತೆಂದು ನೊಂದವರಿದ್ದಾರೆ. ಅವರಿಗೆ ನಾನು ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರನ್ನು ನೆನಪಿಸುತ್ತೇನೆ. ಕುಂಬಾರನ ತರ್ಕವನ್ನು ‘ಶ್ರೀಭಾಷ್ಯ’ದಲ್ಲಿ ಬಿಡಿಬಿಡಿಸಿ ಖಂಡಿಸಿದವರು ಅವರು. ಕೆಲಸ ಕಂಡು ಕರ್ತೃವನ್ನು ಊಹಿಸುವುದಾದರೆ, ಲೋಕವನ್ನು ಒಬ್ಬನೇ, ಒಂದೇ ಸಲಕ್ಕೆ ಮಾಡಿದನೆಂದು ಯಾವ ಆಧಾರದಿಂದ ಹೇಳುವಿರಿ ಎಂದು ಕೇಳಿದರು. ಈಶ್ವರನನ್ನು ತಿಳಿಯಲು ಶಾಸ್ತ್ರವೊಂದೇ ದಾರಿ, ಅನುಮಾನಪ್ರಮಾಣ, ಎಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕ, ಅಲ್ಲಿಗೆ ಮುಟ್ಟದು ಎಂಬುದು ಅವರ ನಿಲುವು. ನಾರಾಯಣನಿಗಾಗಿ ಬದುಕನ್ನೇ ಸವೆಸಿದವರ ಮಾತಿದು. ಅವರ ಭಕ್ತಿಗೆ ಮಡಕೆಯ ಸಾಕ್ಷಿ ಬೇಕಿರಲಿಲ್ಲ.

ಡೋವರ್‌ನಲ್ಲಿ ನಾನು ಹೆಚ್ಚು ಗೌರವಿಸುವುದು ಶಾಲೆಯ ವಿಜ್ಞಾನ ಶಿಕ್ಷಕರನ್ನು. ತೀರ್ಪಿಗೆ ಸುಮಾರು ಒಂದು ವರ್ಷ ಮೊದಲೇ, ನೌಕರಿ ಕೊಟ್ಟ ಮಂಡಳಿಯ ಅಪ್ಪಣೆ ಎದುರಿಗಿರುವಾಗ, ಇದು ವಿಜ್ಞಾನವಲ್ಲ, ನಮ್ಮ ಬಾಯಿಂದ ಕೇಳಿದರೆ ಮಕ್ಕಳು ವಿಜ್ಞಾನವೆಂದೇ ನಂಬುತ್ತಾರೆ ಎಂದು ಅವರು ಬರೆದುಕೊಟ್ಟರು. 2005ರ ಜನವರಿಯಲ್ಲಿ ಆ ಹೇಳಿಕೆಯನ್ನು ಓದಲು ಆಡಳಿತಾಧಿಕಾರಿಗಳೇ ತರಗತಿಗೆ ಬರಬೇಕಾಯಿತು.