ಇಂದಿನ ಧಮ್ಮ ಚಿಂತನೆ: ಒಂಟಿತನ ಮತ್ತು ಕಲ್ಯಾಣಮಿತ್ರ



ನಮ್ಮ ಎಷ್ಟೋ ತಮ್ಮ ತಂಗಿಯರು ಊರು ಬಿಟ್ಟು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಮದುವೆಯಾಗಿಲ್ಲ. ಸಂಜೆ ರೂಮಿಗೆ ಬಂದರೆ ಮಾತಾಡಿಸುವವರಿಲ್ಲ. ಊರಿಗೆ ಹೋದರೆ "ಯಾವಾಗ ಊಟ ಹಾಕಿಸ್ತೀಯಪ್ಪ?" ಅನ್ನುತ್ತಾರೆ. ಬಾಡಿಗೆ ಮನೆ ಕೇಳಿದರೆ "ನೀವು ಯಾವ ಜನ?" ಅನ್ನುತ್ತಾರೆ. ತಾನು ಯಾರೆಂದು ಬಚ್ಚಿಟ್ಟುಕೊಂಡು ಬದುಕುವವರು ಹತ್ತು ಜನರ ನಡುವೆಯೂ ಒಂಟಿಯೇ. ಮದುವೆಯಾದ ಮಾತ್ರಕ್ಕೆ ಈ ನೋವು ಹೋಗುವುದಿಲ್ಲ.

ಸಂಯುತ್ತ ನಿಕಾಯದಲ್ಲಿ ಥೇರ ಎಂಬ ಭಿಕ್ಕುವಿನ ಪ್ರಸಂಗವಿದೆ. ಅವರು ಒಬ್ಬರೇ ಭಿಕ್ಷೆಗೆ ಹೋಗುತ್ತಿದ್ದರು, ಒಬ್ಬರೇ ಕೂರುತ್ತಿದ್ದರು, ಒಂಟಿ ಬದುಕನ್ನೇ ಹೊಗಳುತ್ತಿದ್ದರು. ಭಗವಾನ್ ಬುದ್ಧರು ಅದನ್ನು ತಪ್ಪೆನ್ನಲಿಲ್ಲ. ಆದರೆ ಕಳೆದುದನ್ನು ಬಿಟ್ಟು, ಬರುವುದರ ಹಂಬಲ ಬಿಟ್ಟು, ಇಂದಿನದಕ್ಕೂ ಅಂಟಿಕೊಳ್ಳದೆ ಇರುವುದೇ ಪೂರ್ಣವಾದ ಏಕಾಂತ ಎಂದು ತಿಳಿಸಿದರು. ರೂಮಿನಲ್ಲಿ ನಾವೊಬ್ಬರೇ ಇದ್ದರೂ "ನನಗೇನೋ ಕೊರತೆ" ಎಂಬ ಯೋಚನೆ ಜೊತೆಗಿದ್ದರೆ ಏಕಾಂತವೆಲ್ಲಿ?

ಹಾಗಾದರೆ ಜನರೇ ಬೇಡವೇ? ಬೇಕು. ಒಳ್ಳೆಯ ಗೆಳೆತನ ಧಮ್ಮಜೀವನದ ಅರ್ಧಭಾಗ ಎಂದರು ಆನಂದರು. ಅರ್ಧವಲ್ಲ, ಪೂರ್ತಿ ಅದೇ ಎಂದು ಬುದ್ಧರು ತಿದ್ದಿದರು. ಯಾರ ಮುಂದೆ ನಾವು ಏನನ್ನೂ ಬಚ್ಚಿಡಬೇಕಾಗಿಲ್ಲವೋ ಅವರೇ ಕಲ್ಯಾಣಮಿತ್ರರು.

ಬಾಬಾಸಾಹೇಬರನ್ನು ನೆನೆಯೋಣ. 1935ರ ಮೇ 27ರಂದು ತಾಯಿ ರಮಾಬಾಯಿ ತೀರಿಕೊಂಡರು. 1948ರ ಏಪ್ರಿಲ್‌ನಲ್ಲಿ ಡಾ. ಸವಿತಾ ಅವರನ್ನು ಮದುವೆಯಾಗುವವರೆಗೆ ಸುಮಾರು 13 ವರ್ಷ ಸಂಗಾತಿಯಿಲ್ಲದೆ ಕಳೆದರು. ದುಃಖವನ್ನು ಅವರು ಮುಚ್ಚಿಡಲಿಲ್ಲ. 1940ರಲ್ಲಿ ಬಂದ ಪಾಕಿಸ್ತಾನ ಕುರಿತ ಪುಸ್ತಕವನ್ನು ರಮಾಬಾಯಿಯವರ ನೆನಪಿಗೇ ಅರ್ಪಿಸಿದರು. ಅದೇ ವರ್ಷಗಳಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು, ಪೀಪಲ್ಸ್ ಎಜುಕೇಷನ್ ಸೊಸೈಟಿ ಸ್ಥಾಪಿಸಿದರು, ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರಾದರು. ಸಂಗಾತಿ ಬೇಕೆನ್ನುವುದು ತಪ್ಪಲ್ಲ. ಸಂಗಾತಿ ಬರುವವರೆಗೆ ಬದುಕನ್ನು ನಿಲ್ಲಿಸಿಡಬೇಕಾಗಿಲ್ಲ.

ಇಂದು ಹೀಗೆ ಮಾಡೋಣ. ಹತ್ತು ನಿಮಿಷ ಉಸಿರನ್ನು ಗಮನಿಸುತ್ತಾ ಕೂರೋಣ. ಮೈತ್ರಿ ಭಾವನೆಯನ್ನು ಮೊದಲು ನಮ್ಮ ಮೇಲೆಯೇ ಹರಿಸೋಣ. ಆಮೇಲೆ ನಮ್ಮಂತೆಯೇ ಒಂಟಿಯಾಗಿರುವ ಒಬ್ಬರಿಗೆ ಫೋನ್ ಮಾಡೋಣ. ಭಾನುವಾರ ವಿಹಾರಕ್ಕೆ ಹೋಗೋಣ.

ಸಂಸಾರಸ್ಥ ಉಪಾಸಕ ಉಪಾಸಿಕೆಯರಲ್ಲಿ ಒಂದು ಮನವಿ: ಈ ವಾರ ಅಂಥ ಒಬ್ಬರನ್ನು ಮನೆಗೆ ಊಟಕ್ಕೆ ಕರೆಯಿರಿ. ಮದುವೆಯ ಮಾತು ಎತ್ತಬೇಡಿ. ಹೊಟ್ಟೆ ತುಂಬ ಬಡಿಸಿ, ಅವರ ಮಾತು ಕೇಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್, ನಮೋ ಬುದ್ಧಾಯ.