ಮುಚ್ಚಿದ ಬಾಗಿಲಿನ ಎದುರು

ಜಪಾನಿನ ಕ್ಯೋಟೋ ನಗರದ ಗಿಯೋನ್ ಪೇಟೆಯಲ್ಲಿ ನಮ್ಮನ್ನು ಮೊದಲು ತಡೆದದ್ದು ಒಂದು ಫಲಕ. ಇದು ಖಾಸಗಿ ದಾರಿ, ಕಾಲಿಟ್ಟರೆ 10,000 ಯೆನ್ ದಂಡ. 2019ರಲ್ಲೇ ಅಲ್ಲಿನ ನಿವಾಸಿಗಳು ಇಂಥ ಗಲ್ಲಿಗಳಲ್ಲಿ ಫೋಟೋ ತೆಗೆಯಬಾರದೆಂದಿದ್ದರು. 2024ರಲ್ಲಿ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಿದರು. "ಮಾಮೂ, ದೊಡ್ಡ ಬೀದಿಯಲ್ಲೇ ನಡೆಯೋಣ" ಎಂದ ಒಸಾಕದಲ್ಲಿ ನೌಕರಿಯಲ್ಲಿರುವ ನಮ್ಮ ತಂಗಿಯ ಮಗ. ಇಷ್ಟು ದೂರ ಬಂದವರಿಗೆ ಇದೆಂಥ ಮರ್ಯಾದೆ ಎಂದು ನಮಗೆ ಸಿಟ್ಟೇ ಬಂತು.

ದೊಡ್ಡ ಬೀದಿಯ ಹೆಸರು ಹನಾಮಿಕೋಜಿ. ಎರಡೂ ಬದಿಗೆ ಹಳೆಯ ಮರದ ಮನೆಗಳು. ಕೆಲವು ಊಟದ ಮನೆಗಳು. ಕೆಲವು 'ಓಚಾಯಾ', ಅಂದರೆ ಚಹದ ಮನೆ. ಹೆಸರಿಗಷ್ಟೇ ಚಹ. ಲೋಕ ಗೀಷಾ ಎನ್ನುವ, ಕ್ಯೋಟೋದವರು ಗೇಯ್ಕೋ ಎನ್ನುವ ಕಲಾವಿದೆಯರು ಇಲ್ಲಿ ಅತಿಥಿಗಳ ಮುಂದೆ ಹಾಡಿ ಕುಣಿಯುತ್ತಾರೆ, ಜೊತೆಗೆ ಕೂತು ಮಾತಾಡುತ್ತಾರೆ. ಹಳೆಯ ಗಿರಾಕಿಯೊಬ್ಬ ಪರಿಚಯಿಸದೆ ಹೊಸಬನಿಗೆ ಪ್ರವೇಶವಿಲ್ಲ, ಅವನು ಎಷ್ಟೇ ಹಣವಂತನಾಗಿರಲಿ. ಇದು ಬರೀ ಜಂಬವಲ್ಲ. ಊಟದ ಖರ್ಚು, ಕಲಾವಿದೆಯರ ಸಂಭಾವನೆ ಎಲ್ಲವನ್ನೂ ಆ ಮನೆಯೇ ಭರಿಸಿ, ಲೆಕ್ಕ ಆಮೇಲೆ ಕಳಿಸುವುದು ವಾಡಿಕೆ. ಹೊಸಬನ ಹಣಕ್ಕೂ ನಡತೆಗೂ ಪರಿಚಯಿಸಿದವನೇ ಜಾಮೀನು.

ನಮ್ಮ ತಲೆಯಲ್ಲಿ ಇದ್ದದ್ದಾದರೋ ಉರ್ದು ಕಾದಂಬರಿಗಳ ಕೋಠಾ. ಅದನ್ನೇ ಹುಡುಕುತ್ತಾ ನಿಂತಿದ್ದೆವೆಂದು ಒಪ್ಪಿಕೊಳ್ಳಬೇಕು.

ಅಷ್ಟರಲ್ಲಿ ಒಂದು ಮನೆಯಿಂದ ಮೈಕೋ ಹೊರಬಂದಳು. ಮೈಕೋ ಎಂದರೆ ಇನ್ನೂ ಕಲಿಯುತ್ತಿರುವ ಹುಡುಗಿ. ಹದಿನೈದರ ಸುಮಾರಿಗೆ ಶಾಲೆ ಮುಗಿಸಿ ಬರುತ್ತಾರೆ. ಬಿಳಿ ಬಳಿದ ಮುಖ, ಬೆನ್ನ ಮೇಲೆ ಇಳಿಬಿದ್ದ ಉದ್ದನೆಯ ನಡುಪಟ್ಟಿ, ಎತ್ತರದ ಮರದ ಚಪ್ಪಲಿ. ತಟ್ಟನೆ ಹತ್ತಾರು ಫೋನುಗಳು ಮೇಲೆದ್ದವು. ಒಬ್ಬನಂತೂ ಅವಳ ಮುಂದೆ ಹಿಮ್ಮುಖವಾಗಿ ನಡೆಯುತ್ತಲೇ ಫೋಟೋ ತೆಗೆದ. ಆಕೆ ತಲೆ ತಗ್ಗಿಸಿ ಬಿರಬಿರನೆ ನಡೆದಳು. ಕೆಲಸಕ್ಕೆ ಹೊರಟಿದ್ದ ಹುಡುಗಿ! ನಾವು ಫೋನು ಎತ್ತಲಿಲ್ಲ, ನಿಜ. ಕಣ್ಣನ್ನೂ ಇಳಿಸಲಿಲ್ಲ.

ನೋಡಲು ಬೇರೆ ದಾರಿ ಇರಲಿಲ್ಲವೇ? ಇತ್ತು. 1872ರಲ್ಲಿ ಆರಂಭವಾದ 'ಮಿಯಾಕೋ ಓದೋರಿ' ಎಂಬ ನೃತ್ಯೋತ್ಸವ ಇಂದಿಗೂ ವಸಂತದಲ್ಲಿ ನಡೆಯುತ್ತದೆ. ಟಿಕೆಟು ಕೊಂಡವರೆಲ್ಲ ಕೂರಬಹುದು. ರಂಗದ ಮೇಲೆ ಆಕೆ ನೋಟಕ್ಕೆ ಒಪ್ಪಿ ನಿಂತಿರುತ್ತಾಳೆ. ಬೀದಿಯಲ್ಲಿ ಅವಳನ್ನು ಕೇಳಿದವರು ಯಾರು? ಕಣ್ಣಿಗೆ ಬಿದ್ದದ್ದೆಲ್ಲ ನಮ್ಮದಾಗುತ್ತದೆಯೇ?

ಹಾಗಾದರೆ ಮುಚ್ಚಿದ ಬಾಗಿಲೇ ಸರಿ ಎನ್ನೋಣವೇ? ಅದೂ ಸುಲಭವಲ್ಲ. ಕ್ಯೋಟೋದಲ್ಲಿ ಮೈಕೋ ಆಗಿದ್ದ ಯುವತಿಯೊಬ್ಬಳು 2022ರಲ್ಲಿ, ತನಗೆ ಹದಿನಾರರಲ್ಲೇ ಮದ್ಯ ಕುಡಿಸಿದರು, ಗಿರಾಕಿಗಳಿಂದ ಲೈಂಗಿಕ ಕಿರುಕುಳವಾಯಿತು ಎಂದು ಬಹಿರಂಗವಾಗಿ ಆರೋಪಿಸಿದಳು. ಆ ದೇಶದಲ್ಲಿ ಮದ್ಯಕ್ಕೆ ಇಪ್ಪತ್ತು ತುಂಬಿರಬೇಕು. ಆಕೆ ಹೇಳಿದ್ದು ನಿಜವಾದರೆ, ನಡತೆಗೆ ಜಾಮೀನು ನಿಂತವರು ಆಗ ಎಲ್ಲಿದ್ದರು? ಹುಡುಗಿಯನ್ನು ನಮ್ಮ ಕಣ್ಣಿನಿಂದ ಕಾಯುವ ಬಾಗಿಲು, ಒಳಗೆ ಕೂತ ಗಿರಾಕಿಯನ್ನೂ ಕಾಯುತ್ತದೆ.

ಊರಿಗೆ ಮರಳಿದಾಗ ಮನೆಯವರು ಮೊದಲು ಕೇಳಿದ್ದು, ಫೋಟೋ ಎಲ್ಲಿ ಎಂದು. ಸೋದರಳಿಯ ಒಂದನ್ನು ಕಳಿಸಿದ್ದ. ಆ ಫಲಕದ ಮುಂದೆ ಮುಖ ಗಂಟಿಕ್ಕಿಕೊಂಡು ನಿಂತ ನಮ್ಮದೇ ಫೋಟೋ. ತೆಗೆಯುವಾಗ ಅವನೂ ನಮ್ಮನ್ನು ಕೇಳಿರಲಿಲ್ಲ.